ನಾಗಬನಕ್ಕೆ ನುಗ್ಗಿದ ಆಫ್ರಿಕನ್ ಬಸವನಹುಳು: ಮೈಲುತುತ್ತು ಹೊಡೆಯಬಹುದೇ?

ಬನದಂಚು, ಕುಂಬಳೆ:
ಅಡಿಕೆ ತೋಟಕ್ಕೆ ತಾಗಿ ಅರ್ಧ ಎಕರೆಯ ಹಳೇ ನಾಗಬನ. ಮಳೆ ಹಿಡಿದ ಮೇಲೆ ಆಫ್ರಿಕನ್ ಬಸವನಹುಳು ತೋಟದಿಂದ ಒಳಹೊಕ್ಕು ಸುರಗಿ, ರಾಮಪತ್ರೆ ಸಸಿಗಳ ಚಿಗುರು ಉಳಿಸುತ್ತಿಲ್ಲ. ಹೊಗೆಸೊಪ್ಪು, ಮೈಲುತುತ್ತಿನ (ತಾಮ್ರದ ಸಲ್ಫೇಟ್) ದ್ರಾವಣ ಸಿಂಪಡಿಸಬಹುದೇ? ಕೆಳಗೆ, ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರು ಬೀಳುವ ಮದಕ (ಸಣ್ಣ ಕೆರೆ) ಇದೆ.

ಮುರಕಲ್ಲು:
ಬನದೊಳಗೆ ಬೇಡವೇ ಬೇಡ. ತೋಟಕ್ಕೆ ಹೇಳುವ ಪ್ರಮಾಣ ನೋಡಿ: 25 ಗ್ರಾಂ ಹೊಗೆಸೊಪ್ಪನ್ನು ಒಂದೂವರೆ ಲೀಟರ್ ನೀರಲ್ಲಿ ಕುದಿಸಿ ಒಂದು ಲೀಟರಿಗೆ ಇಳಿಸಬೇಕು, 60 ಗ್ರಾಂ ತುತ್ತು ಕರಗಿಸಿದ ಇನ್ನೊಂದು ಲೀಟರಿಗೆ ಬೆರೆಸಬೇಕು. ಅಂದರೆ ಶೇ. 3 ತುತ್ತು. ನಾವು ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದು ಶೇ. 1 ತುತ್ತು, ಅದೂ ಸುಣ್ಣ ಸೇರಿ ಖಾರ ಕಳೆದದ್ದು. ಇದಕ್ಕೆ ಸುಣ್ಣವಿಲ್ಲ, ಎಳೆ ಎಲೆ ಸುಡುತ್ತದೆ, ಮದಕಕ್ಕೆ ಇಳಿದರೆ ಮೀನು, ಗೊದಮೊಟ್ಟೆ ಉಳಿಯುವುದಿಲ್ಲ. ತಾಮ್ರ ಕೊಳೆತು ಹೋಗುವ ವಸ್ತುವೂ ಅಲ್ಲ, ಮಣ್ಣಲ್ಲೇ ಕೂರುತ್ತದೆ.

ಹೆಕ್ಕುವುದೇ ದಾರಿ. ಸಂಜೆ ಬನದ ಹೊರಗೆ, ತೋಟದ ಗಡಿಯಲ್ಲಿ, ಐದೈದು ಮೀಟರಿಗೊಂದು ನೆನೆಸಿದ ಗೋಣಿ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ, ಕ್ಯಾಬೇಜ್ ಸೊಪ್ಪು ಇಡಿ. ಗೋಣಿ ಒಣಗಿದರೆ ಒಂದೂ ಬಾರದು. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹೆಕ್ಕಿ, ಗೋಣಿಯನ್ನೂ ಎತ್ತಿಬಿಡಿ. ಹಗಲಿಗೆ ಬಿಟ್ಟರೆ ಅದೇ ಅವುಗಳ ಮನೆ. ಕೈಗವಸು ಕಡ್ಡಾಯ: ಈ ಹುಳುವಿನಲ್ಲಿರಬಹುದಾದ ಇಲಿ ಶ್ವಾಸಕೋಶದ ಜಂತು ಮನುಷ್ಯರಿಗೆ ಮೆದುಳುಪೊರೆಯ ಉರಿಯೂತ ತರುತ್ತದೆ. ಬಕೆಟಿನಲ್ಲಿ 5 ಲೀಟರ್ ನೀರಿಗೆ ಒಂದು ಕಿಲೋ ಉಪ್ಪು, ರಾತ್ರಿಯಿಡೀ ಮುಚ್ಚಳ. ಬೆಳಿಗ್ಗೆ ಅರ್ಧ ಮೀಟರ್ ಆಳದಲ್ಲಿ, ಬೇರು ಮತ್ತು ನೀರಿನಿಂದ ದೂರ, ಹೂಳಿ. ಉಪ್ಪುನೀರು ಚೆಲ್ಲಲು ಜಾಗವಿಲ್ಲದಿದ್ದರೆ ಕುದಿನೀರೂ ಆದೀತು. ಕಾಲಲ್ಲಿ ಜಜ್ಜಬೇಡಿ.

ತರಗೆಲೆ:
ಹೆಕ್ಕುವವರಿಗೆ ಮೊದಲು ಗುರುತು ಹೇಳಿಕೊಡಿ, ಬನದ ನಮ್ಮದೇ ಹುಳುಗಳು ಬಕೆಟಿಗೆ ಬೀಳಬಾರದು. ಆಫ್ರಿಕನ್ನಿನದು ಚೂಪು ತುದಿಯ ಉದ್ದ ಚಿಪ್ಪು, ಕಂದುಬಣ್ಣ, ಅದರ ಮೇಲೆ ಕಡುಗಂದು ಪಟ್ಟೆ; ಬೆಳೆದದ್ದು 8–10 ಸೆಂ.ಮೀ. ಚಪ್ಪಟೆ ಚಿಪ್ಪಿನವನ್ನು ಬಿಡಿ. ತೆಳು ಚಿಪ್ಪಿನೊಳಗೆ ಪೂರ್ತಿ ಹಿಡಿಸದ ಕೆಂಪು, ಕಿತ್ತಳೆ ಮೈಯದು ಇಂಡ್ರೆಲ್ಲಾ, ಪಶ್ಚಿಮ ಘಟ್ಟದ್ದು, ಅದನ್ನು ಮುಟ್ಟಲೇಬಾರದು.

ಮೊಟ್ಟೆ ಸಾಬಕ್ಕಿಯಂತೆ, ಒಂದೇ ಕಡೆ ನೂರಕ್ಕೂ ಹೆಚ್ಚು. ಬನದೊಳಗೆ ಅಗೆಯುವುದು, ತರಗೆಲೆ ಗುಡಿಸುವುದು ಬೇಡ. ತೋಟದ ಸೋಗೆ ರಾಶಿ, ತೆಂಗಿನ ಸಿಪ್ಪೆ ರಾಶಿಯ ಅಡಿ ನೋಡಿ.

ಬನದಂಚು:
ಅಂಗಡಿಯವರು ಮೆಟಾಲ್ಡಿಹೈಡ್ ಹರಳು ಕೊಡುತ್ತೇವೆ ಅನ್ನುತ್ತಾರೆ.

ಮುರಕಲ್ಲು:
ಅದನ್ನು ತಿಂದರೆ ನಾಯಿ ಸಾಯುತ್ತದೆ, ನವಿಲಿಗೂ ಅಪಾಯ. ಮೇಲಾಗಿ ಅದು ಹುಳುವಿನ ಲೋಳೆ ಬಸಿದು ಒಣಗಿಸುವ ವಿಷ. ನಮ್ಮ ಆಟಿ (ಜುಲೈ–ಆಗಸ್ಟ್) ಮಳೆಯಲ್ಲಿ ಅರ್ಧ ಸತ್ತದ್ದು ನೀರು ಹೀರಿ ಮತ್ತೆ ಎದ್ದುಬಿಡುತ್ತದೆ. ತುಲಾ ಮಳೆ (ಅಕ್ಟೋಬರ್–ನವೆಂಬರಿನ ಹಿಂಗಾರು) ಮುಗಿಯುವವರೆಗೂ ಹೆಕ್ಕುತ್ತಿರಿ. ಬೇಸಗೆಯಲ್ಲಿ ಅವು ಚಿಪ್ಪಿನ ಬಾಯಿ ಮುಚ್ಚಿಕೊಂಡು ಮುರಕಲ್ಲಿನ (ಜಂಬಿಟ್ಟಿಗೆಯ) ಕಟ್ಟೆಯ ಸಂದಿಯಲ್ಲಿ ಮಲಗಿರುತ್ತವೆ, ಹಗಲಲ್ಲೇ ಸಿಗುತ್ತವೆ. ಹೊರಗಿನಿಂದ ಬಾಳೆಕಂದು, ಗೊಬ್ಬರ, ನರ್ಸರಿ ಸಸಿ ತಂದರೆ ಬುಡದ ಮಣ್ಣು ಬಿಡಿಸಿ ಮೊಟ್ಟೆ ಹುಡುಕಿಯೇ ಒಳಗೆ ಬಿಡಿ.