ಹಮ್ಮಸ್ ತರಿತರಿ, ಮೇಲೆ ಕಹಿ ಬೇರೆ: ಮಿಕ್ಸಿ ಬದಲಾಯಿಸಬೇಕಾ?

ಚಟ್ನಿಜಾರ್:
ಎಲ್ರಿಗೂ ನಮಸ್ಕಾರ. ಮಗಳು ಹಾಲು, ಮೊಸರು, ಬೆಣ್ಣೆ ಎಲ್ಲಾ ಬಿಟ್ಟಿದ್ದಾಳೆ. ಸೌತೆಕಾಯಿ, ಕ್ಯಾರೆಟ್ ಅದ್ದಿಕೊಂಡು ತಿನ್ನೋಕೆ ಮೊಸರಿನ ಡಿಪ್ ಬದಲು ಹಮ್ಮಸ್ ಮಾಡೋಣ ಅಂತ ಹೊರಟೆ. ಕಾಬೂಲ್ ಕಡಲೆ ರಾತ್ರಿ ನೆನೆಸಿ, ಉಪ್ಪು, ನಿಂಬೆರಸ ಹಾಕಿ ಕುಕ್ಕರಲ್ಲಿ 5 ಸಲ ಕೂಗಿಸ್ತೀನಿ. ಎಳ್ಳು ಕೆಂಪಗೆ ಹುರಿದು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ಎಲ್ಲಾ ಒಟ್ಟಿಗೆ ರುಬ್ಬೋದು. ಎಷ್ಟು ತಿರುಗಿಸಿದ್ರೂ ರವೆ ಥರ ತರಿ ಉಳಿಯುತ್ತೆ. ನುಂಗಿದ ಮೇಲೆ ಗಂಟಲಲ್ಲಿ ಕಹಿ. 750 ವ್ಯಾಟ್ ಮಿಕ್ಸಿ. ಅದಕ್ಕೇ ಶಕ್ತಿ ಸಾಲ್ತಿಲ್ವಾ?

ಬಿಸಿಬಾಣಲೆ:
ಒಂದೊಂದು ಕಾಳಿನ ಸಿಪ್ಪೆ ಸುಲಿದು ರುಬ್ಬಿ. ಇಲ್ಲಾ ದೊಡ್ಡ ಬ್ಲೆಂಡರ್ ತಗೊಳ್ಳಿ. ಬೇರೆ ದಾರಿ ಇಲ್ಲ.

ಕುಕ್ಕರ್‌ಕೂಗು:
ದುಡ್ಡು ಖರ್ಚು ಮಾಡೋ ಮುಂಚೆ ಒಂದು ಪರೀಕ್ಷೆ ಮಾಡಿ ಮೇಡಂ. ಬೆಂದ ಕಾಳನ್ನ ಹೆಬ್ಬೆರಳು, ತೋರುಬೆರಳಿನ ಮಧ್ಯೆ ಒತ್ತಿ. ಎರಡು ಹೋಳಾಗಿ ಜಾರಿದ್ರೆ ಬೆಂದಿಲ್ಲ ಅಂತ. ಬೆರಳಿಗೆ ಪೂರಾ ಮೆತ್ತಿಕೊಳ್ಳಬೇಕು. ಉಸಲಿಗೆ ಸರಿಹೋಗೋ ಹದ ಹಮ್ಮಸ್‌ಗೆ ಸಾಲದು. ಮತ್ತೆ, ಬೇಯಿಸೋದು ಯಾವ ನೀರಲ್ಲಿ? ಕಡಲೆ ತಂದು ಎಷ್ಟು ದಿನ ಆಯ್ತು?

ಚಟ್ನಿಜಾರ್:
ಒತ್ತಿ ನೋಡಿದೆ, ಹೋಳಾಗಿ ಜಾರಿತು. ಒಳಗೆ ಸ್ವಲ್ಪ ಗಟ್ಟಿ. ನಮ್ಮದು ಬೋರ್ ನೀರು. ಕಡಲೆ ಕಳೆದ ವರ್ಷ ಸಗಟಿನಲ್ಲಿ ತಂದಿದ್ದು, ಡಬ್ಬದಲ್ಲಿ ಇನ್ನೂ ಇದೆ.

ಕುಕ್ಕರ್‌ಕೂಗು:
ಹಾಗಾದ್ರೆ ಮಿಕ್ಸಿಯದು ಏನೂ ತಪ್ಪಿಲ್ಲ.

ಬೋರ್ ನೀರಲ್ಲಿ ತೊಗರಿಬೇಳೆ ಬೇಯಲ್ಲ ಅಂತ ಬೆಂಗಳೂರಲ್ಲಿ ಎಷ್ಟೋ ಮನೆಯಲ್ಲಿ ಗೋಳು ಇದೆಯಲ್ಲ, ಇಲ್ಲಿರೋದೂ ಅದೇ ಕಾರಣ. ಕಾಳಿನ ಜೀವಕೋಶಗಳನ್ನ ಪೆಕ್ಟಿನ್ ಅನ್ನೋ ಅಂಟು ಹಿಡಿದಿಟ್ಟಿರುತ್ತೆ. ಅದು ಕರಗಿದ್ರೇ ಕಾಳು ಮೆತ್ತಗಾಗೋದು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೋಗಿ ಆ ಪೆಕ್ಟಿನ್ ಅನ್ನ ಇನ್ನೂ ಬಿಗಿ ಮಾಡುತ್ತೆ. ಹುಳಿಯೂ ಅದನ್ನ ಕರಗೋಕೆ ಬಿಡಲ್ಲ. ಸಾರಿಗೆ ಬೇಳೆ ಬೆಂದ ಮೇಲೇ ಹುಣಸೆರಸ ಹಾಕ್ತೀವಲ್ಲ? ಕುಕ್ಕರಿಗೆ ನಿಂಬೆರಸ ಹಾಕೋದನ್ನ ಮೊದಲು ನಿಲ್ಲಿಸಿ. ಹಳೇ ಕಡಲೆ ಎಷ್ಟು ನೆನೆಸಿದ್ರೂ ಸರಿಯಾಗಿ ಬೇಯಲ್ಲ. ಅದನ್ನ ಹಿಟ್ಟು ಮಾಡಿಸಿ ಬೇರೇನಕ್ಕಾದ್ರೂ ಬಳಸಿ, ಹಮ್ಮಸ್‌ಗೆ ಹೊಸದು ತನ್ನಿ.

ನೆನೆಸೋಕೂ ಬೇಯಿಸೋಕೂ ಆರ್‌ಓ ನೀರು ತಗೊಳ್ಳಿ. ಬರೀ ಯುವಿ ಫಿಲ್ಟರ್ ಆದ್ರೆ ಪ್ರಯೋಜನ ಇಲ್ಲ, ಅದು ಗಡಸುತನ ತೆಗೆಯಲ್ಲ. 1 ಕಪ್ ಒಣ ಕಡಲೆಗೆ ಕಾಲು ಟೀ ಚಮಚ ಅಡುಗೆ ಸೋಡಾ. ಜಾಸ್ತಿ ಹಾಕಿದ್ರೆ ಸೋಪಿನ ರುಚಿ ಬರುತ್ತೆ, ಹುಷಾರು. ನೊರೆ ಏಳುತ್ತೆ, ಆದ್ದರಿಂದ ಕುಕ್ಕರ್ ಅರ್ಧಕ್ಕಿಂತ ಮೇಲೆ ತುಂಬಬೇಡಿ. ಮೊದಲ ಕೂಗು ಬಂದ ಮೇಲೆ ಉರಿ ಸಣ್ಣ ಮಾಡಿ 20–25 ನಿಮಿಷ ಬಿಡಿ. ಸಿಪ್ಪೆ ತಾನಾಗೇ ಬಿಟ್ಟು ತೇಲುತ್ತೆ, ತೇಲಿದಷ್ಟು ಸೌಟಲ್ಲಿ ಎತ್ತಿದ್ರೆ ಸಾಕು. ಕೂತು ಸುಲಿಯೋ ಕೆಲಸ ನನಗಂತೂ ಬೇಡ.

ಬಿಸಿ ಕಾಳನ್ನ ಮುಚ್ಚಿದ ಜಾರಲ್ಲಿ ತಿರುಗಿಸಬೇಡಿ, ಆವಿಗೆ ಮುಚ್ಚಳ ಹಾರುತ್ತೆ. ಉಗುರು ಬೆಚ್ಚಗಾಗಲಿ.

ಎಳ್ಳುಂಡೆ:
ಕಹಿ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಎಳ್ಳು ಸಿಪ್ಪೆ ಸಮೇತ ಇರೋದಾ? ಕಹಿ ಸಿಪ್ಪೆಯಲ್ಲೇ ಇರುತ್ತೆ. ಸಂಕ್ರಾಂತಿಗೆ ಎಳ್ಳು ಬೀರೋಕೆ ತರ್ತೀವಲ್ಲ, ಆ ಸಿಪ್ಪೆ ತೆಗೆದ ಬೆಳ್ಳನೆ ಎಳ್ಳು, ಅದು ಬೇಕು. ಕೆಂಪಗೆ ಹುರಿಯಲೇಬೇಡಿ. ಕೈಗೆ ಬಿಸಿ ತಾಗಿ ಘಮ ಬಂದ ಕೂಡಲೇ ತಟ್ಟೆಗೆ ಸುರೀರಿ, ಬಾಣಲೆಯಲ್ಲೇ ಬಿಟ್ರೆ ಆ ಕಾವಿಗೇ ಸೀಯುತ್ತೆ. ಬೆಚ್ಚಗಿರುವಾಗಲೇ ಸಣ್ಣ ಜಾರಲ್ಲಿ ಒಂದೆರಡು ಚಮಚ ವಾಸನೆ ಇಲ್ಲದ ಎಣ್ಣೆ ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿದ್ರೆ ಎಣ್ಣೆ ಬಿಟ್ಟು ಸುರಿಯೋ ಹದಕ್ಕೆ ಬರುತ್ತೆ. ಅದೇ ತಹಿನಿ. 1 ಕಪ್ ಎಳ್ಳಿಗೆ ಸುಮಾರು ಅರ್ಧ ಕಪ್ ಸಿಗುತ್ತೆ, 1 ಕಪ್ ಕಡಲೆಗೆ ಅಷ್ಟು ಸಾಕು.

ಆಲಿವ್ ಎಣ್ಣೆಯನ್ನ ಜಾರಿಗೆ ಹಾಕ್ಬೇಡಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆ ಜೋರಾಗಿ ತಿರುಗಿದ್ರೆ ಕಹಿ ಬಿಡೋದುಂಟು. ಲೆಬನಾನ್, ಪ್ಯಾಲೆಸ್ಟೈನ್ ಕಡೆ ಅದನ್ನ ಬಡಿಸುವಾಗ ಮೇಲೆ ಸುರೀತಾರೆ.

ಬಿಸಿಬಾಣಲೆ:
ಇಷ್ಟೆಲ್ಲಾ ಯಾಕೆ, ಎಳ್ಳಿನ ಬದಲು ಹುರಿದ ಕಡ್ಲೇಕಾಯಿ ಹಾಕಿ.

ಎಳ್ಳುಂಡೆ:
ಹಾಕಬಹುದು, ಚೆನ್ನಾಗೂ ಇರುತ್ತೆ. ಒಗ್ಗರಣೆ ಕೊಟ್ಟು ದೋಸೆ ಜೊತೆ ತಿನ್ನಿ 😄

ಚಟ್ನಿಜಾರ್:
ಇವತ್ತು ಮಾಡಿದೆ. ಹೊಸ ಕಡಲೆ, ಆರ್‌ಓ ನೀರು, ಸೋಡಾ. ಕಾಳು ಬೆಣ್ಣೆ ಆಯ್ತು! ಕಹಿಯೂ ಇಲ್ಲ. ಆದ್ರೆ ತಹಿನಿಗೆ ನಿಂಬೆರಸ ಹಾಕಿದ ತಕ್ಷಣ ಗಟ್ಟಿ ಮುದ್ದೆ ಆಗಿ ಬ್ಲೇಡೇ ತಿರುಗ್ತಿಲ್ಲ. ಗ್ಯಾಸ್ ಮೇಲೆ ಕಡಲೆ ನೀರು ಹಾಗೇ ಇದೆ. ಎಸೀಬೇಕಾ ಈ ತಹಿನಿ ಮುದ್ದೆನ?

ಕುಕ್ಕರ್‌ಕೂಗು:
ಎಸೀಬೇಡಿ! ತಹಿನಿ ಅಂದ್ರೆ ಎಣ್ಣೆಯಲ್ಲಿ ತೇಲ್ತಿರೋ ಎಳ್ಳಿನ ಪುಡಿ. ಸ್ವಲ್ಪವೇ ನೀರು ಬಿದ್ರೆ ಆ ಪುಡಿ ನೀರು ಹೀರಿ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಇನ್ನಷ್ಟು ನೀರು ಹಾಕಿದ್ರೇ ಬಿಟ್ಟುಕೊಳ್ಳೋದು. ತಣ್ಣೀರನ್ನ ಒಂದೊಂದೇ ಚಮಚ ಹಾಕ್ತಾ ತಿರುಗಿಸಿ, ಬಿಳಿಚಿಕೊಂಡು ಹಗುರಾಗುತ್ತೆ. ಆಮೇಲೆ ಕಡಲೆ. ಬೇಯಿಸಿದ ನೀರು ಸೋಡಾ ಇರೋದ್ರಿಂದ ಇದಕ್ಕೆ ಬೇಡ.

ಹೇಳೋದು ಬಿಟ್ಟಿತ್ತು: ಬೆಳ್ಳುಳ್ಳಿಯನ್ನ ನಿಂಬೆರಸದಲ್ಲೇ ಜಜ್ಜಿ 10 ನಿಮಿಷ ಇಡಿ. ಘಾಟು ಹುಟ್ಟಿಸೋ ಕಿಣ್ವವನ್ನ ಹುಳಿ ತಡೆಯುತ್ತೆ. ಮಕ್ಕಳಿಗಾದ್ರೆ ಇದು ಮುಖ್ಯ.

ಚಟ್ನಿಜಾರ್:
ಸರಿಹೋಯ್ತು!! ಮಗಳು ನಿಪ್ಪಟ್ಟು ಅದ್ದಿಕೊಂಡು ತಿಂತಿದ್ದಾಳೆ. ನಿಪ್ಪಟ್ಟಿಗೂ ಬೆಣ್ಣೆ ಬದಲು ಕಾಯಿಸಿದ ಎಣ್ಣೆ ಹಾಕಿದ್ದೆ, ಗರಿಗರಿಯಾಗೇ ಬಂತು. ಉಳಿದ ಹಮ್ಮಸ್ ಎಷ್ಟು ದಿನ ಇಡಬಹುದು?

ಎಳ್ಳುಂಡೆ:
ಹೊರಗೆ 2 ಗಂಟೆಗಿಂತ ಹೆಚ್ಚು ಬಿಡಬೇಡಿ. ಫ್ರಿಜ್‌ನಲ್ಲಿ ಮುಚ್ಚಿಟ್ರೆ 3–4 ದಿನ. ನಾಳೆಗೆ ಗಟ್ಟಿಯಾಗಿರುತ್ತೆ, ಒಂದು ಚಮಚ ನೀರು ಹಾಕಿ ಕಲಸಿಕೊಳ್ಳಿ. ನಿಪ್ಪಟ್ಟು ಅದ್ದಿದ ಬಟ್ಟಲಲ್ಲಿ ಉಳಿದಿದ್ದನ್ನ ಮತ್ತೆ ಡಬ್ಬಕ್ಕೆ ಸುರೀಬೇಡಿ.