ಕಾಕಾ, ಜಿಮೇಲ್ ವಾಪಸ್ ತಗೊಳ್ಳೂದು ಹಿಂಗ

ಕಾಕಾ, ನಿಮ್ಮ ಮೆಸೇಜ್ ನೋಡಿದೆ. ಪಾಸ್‌ವರ್ಡ್ ತಗೋವಲ್ದು, ನಿಮ್ಮ ಹೆಸರಲೆ ಮಂದಿಗೆಲ್ಲ ರೊಕ್ಕ ಕೇಳಿ ಮೇಲ್ ಹೊಂಟಾವ ಅಂದ್ರಿ. ಮದಲ ಒಂದ ಮಾತು: ಗ್ರೂಪಿನ್ಯಾಗ ಹಾಕ್ಯಾರಲ್ಲ 'ಗೂಗಲ್ ಕಸ್ಟಮರ್ ಕೇರ್' ನಂಬರ್, ಅದಕ್ಕ ಫೋನ್ ಹಚ್ಚಬ್ಯಾಡ್ರಿ. ಪುಕ್ಕಟೆ ಜಿಮೇಲ್ ಬಿಡಿಸಿಕೊಡಾಕ ಗೂಗಲ್‌ನವರು ಫೋನಿನ ಮ್ಯಾಲ ಯಾರನ್ನೂ ಕುಂದ್ರಿಸಿಲ್ಲ. ಅಂಥಾ ನಂಬರ್ ಎತ್ತಾಂವ ಎನಿಡೆಸ್ಕ್ (ನಿಮ್ಮ ಫೋನು ದೂರದಿಂದ ನಡಸೂ ಆ್ಯಪು) ಹಾಕ್ಕೋರಿ ಅಂತಾನ, ಅಲ್ಲಿಗೆ ಬ್ಯಾಂಕ್ ಖಾತೇನೂ ಹೋತು.

ಪುಣೆದಾಗಿನ ತಮ್ಮ ತಾನ ಮಾಡಿಕೊಡ್ತೀನಿ ಅಂದಾನಲ್ಲ, ಅದೂ ಬ್ಯಾಡ್ರಿ. ಇಷ್ಟು ವರ್ಷ ಯಾವ ಫೋನು, ಯಾವ ಊರು, ಯಾವ ವೈಫೈ ಇತ್ತೋ ಅದನ್ನ ಗೂಗಲ್ ಗುರ್ತ ಹಿಡೀತೈತಿ. ಅದಕ್ಕ ಮುಧೋಳದ ಮನ್ಯಾಗ, ನಿಮ್ಮ ಹಳೇ ಫೋನಿನ ಕ್ರೋಮ್‌ನ್ಯಾಗ ಖಾತೆ ವಾಪಸ್ ಕೊಡೂ ಗೂಗಲ್ ಪುಟ ತೆಗೀರಿ: ಜಿ ಡಾಟ್ ಸಿ ಓ ಸ್ಲ್ಯಾಶ್ ರಿಕವರ್ (g.co/recover). ಕೊನೇ ಪಾಸ್‌ವರ್ಡ್ ಕೇಳ್ತೈತಿ, ನೆನಪಿದ್ದ ಹಳೇದನ್ನ ಹೊಡೀರಿ, ಖಾಲಿ ಬಿಡಬ್ಯಾಡ್ರಿ. ಖಾತೆಗೆ ಕೊಟ್ಟ ನಿಮ್ಮ ರಿಕವರಿ ನಂಬರ್ (ಖಾತೆ ವಾಪಸ್ ತಗೊಳ್ಳಾಕ ಕೋಡ್ ಬರೂ ನಂಬರ್) ಕಳ್ಳ ತೆಗದು ತನ್ನ ನಂಬರ್ ಹಾಕಿದ್ರೂ, ಬದಲಿ ಆದ 7 ದಿನದೊಳಗ ಹಳೇ ನಂಬರಿಗೆ ಕೋಡ್ ಕಳಸೂ ಅವಕಾಶ ಗೂಗಲ್ ಕೊಡಬಹುದು. ಅದಕ್ಕ ನಾಳೆ ನಾಡದ ಅನಬ್ಯಾಡ್ರಿ, ಇವತ್ತ ಕುಂಡ್ರಿ. ತಪ್ಪು ಉತ್ತರ ಮ್ಯಾಲಿಂದ ಮ್ಯಾಲ ಹೊಡದ್ರ ಸ್ವಲ್ಪ ಹೊತ್ತು ಬಂದ್ ಮಾಡ್ತೈತಿ. ಕೆಲವೊಮ್ಮಿ ಪರಿಶೀಲನೆಗೆ ತಾಸುಗಟ್ಲೆ, ದಿನಗಟ್ಲೆ ಕಾಯಸ್ತೈತಿ, ಗಾಬರಿ ಆಗಬ್ಯಾಡ್ರಿ.

ಒಳಗ ಹೋದ ಮ್ಯಾಲ ಹೊಸಾ ಪಾಸ್‌ವರ್ಡ್ ಇಡ್ರಿ, ಬ್ಯಾರೆ ಎಲ್ಲೂ ಇಡದಂಥಾದ್ದು. ಭಾಳ ಮಂದಿ ಇಲ್ಲಿಗೆ ಮುಗೀತು ಅಂತ ಬಿಡ್ತಾರ, ನಾಕ ದಿನಕ್ಕ ಮತ್ತ ಅದ ಕತಿ. ಯಾಕಂದ್ರ ಕಳ್ಳ ಫಾರ್ವರ್ಡಿಂಗ್ ಹಾಕಿಟ್ಟಿರ್ತಾನ. ಪಾಸ್‌ವರ್ಡ್ ಬದಲಿ ಮಾಡಿದ್ರೂ ನಿಮ್ಮ ಮೇಲಿನ ಪ್ರತಿ ಅವಂಗ ಹೊಕ್ಕೋತ ಇರ್ತೈತಿ. ಇದು ಫೋನಿನ ಆ್ಯಪ್‌ನ್ಯಾಗ ಕಾಣೂದಿಲ್ಲ, ಕಂಪ್ಯೂಟರಿನ್ಯಾಗ ಜಿಮೇಲ್ ಸೆಟ್ಟಿಂಗ್ಸ್ ತೆಗೀಬೇಕು. ಫಾರ್ವರ್ಡಿಂಗ್ ಪುಟದಾಗ ಗೊತ್ತಿಲ್ಲದ ವಿಳಾಸ ಇದ್ರ ಕಿತ್ತ ಒಗೀರಿ. ಫಿಲ್ಟರ್ಸ್ (ಬಂದ ಮೇಲ್ ತಾನ ಏನ ಮಾಡಬೇಕು ಅಂತ ಹಾಕಿಟ್ಟ ನಿಯಮ) ನೋಡ್ರಿ: ಬ್ಯಾಂಕಿನ ಮೇಲ್ ಬಂದ ಕೂಡ್ಲೆ ಡಿಲೀಟ್ ಆಗೂ ಹಂಗ ಹಾಕಿರ್ತಾರ, ನಿಮಗ ಸುಳಿವ ಸಿಗೂದಿಲ್ಲ. ಅಕೌಂಟ್ಸ್ ಪುಟದಾಗ ಬ್ಯಾರೆಯವ್ರಿಗೆ ಪ್ರವೇಶ ಕೊಟ್ಟೈತೇನು, ರಿಪ್ಲೈ ವಿಳಾಸ ಬದಲಿ ಆಗೈತೇನು, ಅದನ್ನೂ ನೋಡ್ರಿ. ಆಮ್ಯಾಲ ಗೂಗಲ್ ಖಾತೆಯ ಸೆಕ್ಯುರಿಟಿಯೊಳಗ ಗುರ್ತಿಲ್ಲದ ಫೋನು, ಆ್ಯಪು, ರಿಕವರಿ ನಂಬರ್ ಎಲ್ಲಾ ತೆಗೀರಿ.

ಕ್ರೋಮ್‌ನ್ಯಾಗ ಪಾಸ್‌ವರ್ಡ್ ಉಳಿಸಿಟ್ಟಿದ್ರ ಅವೂ ಅವನ ಕೈಯಾಗ ಅದಾವ ಅಂತ ತಿಳೀರಿ. ಅವನ್ನೆಲ್ಲಾ ಬದಲಿ ಮಾಡ್ರಿ: ನೆಟ್ ಬ್ಯಾಂಕಿಂಗಿಂದು ಮದಲ, ಉಳಿದದ್ದು ಆಮ್ಯಾಲ.

ಟೂ ಸ್ಟೆಪ್ ವೆರಿಫಿಕೇಶನ್ (ಪಾಸ್‌ವರ್ಡ್ ಜೋಡಿ ಇನ್ನೊಂದು ಪರೀಕ್ಷೆ ಕೇಳೂದು) ಹಚ್ಚಿದ ಮ್ಯಾಲ 8 ಅಂಕಿಯ 10 ಬ್ಯಾಕಪ್ ಕೋಡ್ ತಗೋರಿ, ಒಂದೊಂದು ಒಂದ ಸಲ ನಡೀತೈತಿ. ಹಾಳ್ಯಾಗ ಬರದು ಹೊಲದ ಕಾಗದದ ಜೋಡಿ ಟ್ರಂಕಿನ್ಯಾಗ ಇಡ್ರಿ. ಫೋಟೋ ಹೊಡದು ಇಡಬ್ಯಾಡ್ರಿ, ಫೋಟೋ ಬ್ಯಾಕಪ್ ಚಾಲೂ ಇದ್ರ ಆ ಫೋಟೋ ಅದ ಖಾತೆಯೊಳಗ ಹೋಗಿ ಕುಂದ್ರತೈತಿ. ಫೋನಿನ್ಯಾಗ 'ನೀವ ಲಾಗಿನ್ ಆಗಾಕತ್ತೀರೇನು' ಅಂತ ಬಂದ್ರ, ನೀವ ಆಗಾಕತ್ತಿದ್ರ ಮಾತ್ರ ಹೌದು ಒತ್ತರಿ.

ಯಾರರ ನಂಬಿ ರೊಕ್ಕ ಹಾಕಿದ್ರ ಅವರು ಈಗಿಂದೀಗ ಸೈಬರ್ ಮೋಸದ ಸಹಾಯವಾಣಿ 1930ಕ್ಕ ಫೋನ್ ಹಚ್ಚಲಿ, ಬ್ಯಾಂಕಿಗೂ ಹೇಳಲಿ. ಲಗೂನ ಹೇಳಿದ್ರ ರೊಕ್ಕ ತಡಿಯಾಕ ದಾರಿ ಇರ್ತೈತಿ. ಬಾಗಲಕೋಟಿ ಸಿಇಎನ್ ಠಾಣೆಗೆ (ಸೈಬರ್ ಅಪರಾಧ ನೋಡೂ ಪೊಲೀಸ್ ಠಾಣೆ) ಆಮ್ಯಾಲ ಹೋದ್ರೂ ನಡೀತೈತಿ. ಇತ್ತಾಗ ನೀವು ವಾಟ್ಸಾಪ್‌ನ್ಯಾಗ ಎಲ್ಲಾರಿಗೂ ಆ ಮೇಲ್ ನನ್ನದಲ್ಲ ಅಂತ ಹಾಕ್ರಿ.

ಫಾರ್ವರ್ಡಿಂಗ್ ಪುಟದ ಸ್ಕ್ರೀನ್‌ಶಾಟ್ ನನಗೊಬ್ಬಂಗ ಕಳಸ್ರಿ, ಗ್ರೂಪಿಗೆ ಬ್ಯಾಡ. ಓಟಿಪಿ ನನಗೂ ಹೇಳಬ್ಯಾಡ್ರಿ ಮತ್ತ.