ಮಾತೆತ್ತಿದರೆ ಜಗಳಕ್ಕೆ ನಿಲ್ಲುವ ಸಹೋದ್ಯೋಗಿಯೊಡನೆ ಕೆಲಸ ಮಾಡುವುದು ಹೇಗೆ?

ಪ್ರಶ್ನೆ

ನಮಸ್ಕಾರ. ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಯೊಂದರಲ್ಲಿ ನಾನು ದ್ವಿತೀಯ ದರ್ಜೆ ಸಹಾಯಕಿ. ಪಕ್ಕದ ಮೇಜಿನ ಪ್ರಥಮ ದರ್ಜೆ ಸಹಾಯಕರು, ಕಡತ ಎಲ್ಲಿದೆ ಎಂದು ಕೇಳಿದರೂ ಅದನ್ನು ತಮ್ಮ ಮೇಲಿನ ಆರೋಪವೆಂದೇ ತಿಳಿದು, ಅರ್ಜಿ ಹಿಡಿದು ನಿಂತ ಸಾರ್ವಜನಿಕರ ಎದುರೇ ಕೂಗಾಡುತ್ತಾರೆ. ಮರುದಿನ ಏನೂ ನಡೆದೇ ಇಲ್ಲವೆಂಬಂತೆ ಚಹಾಕ್ಕೆ ಕರೆಯುತ್ತಾರೆ. ಕಳೆದ ತಿಂಗಳು ನನ್ನ ಮೇಲೆ ಮೂಗರ್ಜಿಯೊಂದು ಹೋಗಿದೆ. ಬರೆದವರು ಯಾರೆಂದು ಊಹಿಸಬಲ್ಲೆ, ಸಾಬೀತುಪಡಿಸಲಾರೆ. ವರ್ಗಾವಣೆ ಕೇಳುವುದೊಂದೇ ದಾರಿಯೇ?

ನಿವೃತ್ತ ಅಧೀಕ್ಷಕರ ಉತ್ತರ

ವರ್ಗಾವಣೆ ಬೇಡ ತಾಯಿ, ಇಂಥವರೊಬ್ಬರು ಅಲ್ಲಿಯೂ ಇರುತ್ತಾರೆ. ಕೂಗಾಟಕ್ಕೆ ನೀವು ಸಮಜಾಯಿಷಿ ಕೊಡತೊಡಗಿದರೆ ಅದರ ಪ್ರತಿ ವಾಕ್ಯದಲ್ಲೂ ಅವರಿಗೆ ಹೊಸದೊಂದು ತಕರಾರು ಸಿಗುತ್ತದೆ. "ಈ ಕಡತ ಗುರುವಾರದೊಳಗೆ ಮಂಡನೆಯಾಗಬೇಕು, ಸರ್" ಎಂದಷ್ಟೇ ಹೇಳಿ, ಅರ್ಜಿದಾರರ ಕಡೆಗೆ ತಿರುಗಿ ಅವರ ಕೆಲಸ ಮುಂದುವರಿಸಿ. ಕಡತಗಳನ್ನು ಕಂಪ್ಯೂಟರ್‌ನಲ್ಲೇ ಕಳಿಸುವ ಇ-ಆಫೀಸ್‌ ವ್ಯವಸ್ಥೆಯಲ್ಲಿ ಕಡತ ಯಾರಿಂದ ಯಾರಿಗೆ, ಯಾವ ಹೊತ್ತಿಗೆ ಹೋಯಿತೆಂಬುದು ತಾನಾಗಿಯೇ ದಾಖಲಾಗುತ್ತದೆ. ಕಾಗದದ ಕಡತವಾದರೆ ವಹಿಯಲ್ಲಿ ಸಹಿ ಪಡೆಯದೆ ಕೊಡಬೇಡಿ. ಆದರೆ ಟಿಪ್ಪಣಿ ಹಾಳೆಯಲ್ಲಿ ಜಗಳವಾಡಬೇಡಿ, ಅದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹೊರಗೂ ಹೋಗಬಹುದು. (ನಾನೊಮ್ಮೆ ಸಿಟ್ಟಿನಲ್ಲಿ ಬರೆದ ಎರಡು ಸಾಲನ್ನು ಹನ್ನೊಂದು ವರ್ಷಗಳ ನಂತರ ಲೆಕ್ಕಪರಿಶೋಧಕರು ಗಟ್ಟಿಯಾಗಿ ಓದಿ ನಕ್ಕಿದ್ದರು.)

ಇನ್ನೊಂದು ಉತ್ತರ

ಹಿರಿಯರ ಮಾತನ್ನು ಒಪ್ಪಿದರೂ, ಸಹನೆಯ ಭಾರವೆಲ್ಲ ಕಿರಿಯರ ಮೇಲೆಯೇ ಬೀಳುವುದು ನನಗೆ ಸರಿಯೆನಿಸುವುದಿಲ್ಲ. ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ಸಿಬ್ಬಂದಿ ವಿಭಾಗದಲ್ಲಿರುವ ನನಗೆ "ಅವರು ಯಾವಾಗಲೂ ಕಿರುಚುತ್ತಾರೆ" ಎಂಬ ದೂರು ಬಂದರೆ ಕೈಕಟ್ಟಿದಂತಾಗುತ್ತದೆ. ದಿನಾಂಕ, ಆಡಿದ ಮಾತು, ಎದುರಿಗಿದ್ದವರು, ಅದರಿಂದ ನಿಂತುಹೋದ ಕೆಲಸ ಇವಿಷ್ಟೂ ಬರಹದಲ್ಲಿದ್ದರೆ ಮಾತ್ರ ಕ್ರಮ ಸಾಧ್ಯ. ನೀವೂ ಹಾಗೆಯೇ ಬರೆದಿಟ್ಟುಕೊಂಡು, ಕಚೇರಿಯ ಮುಖ್ಯಸ್ಥರಿಗೆ ನೀಡಿ ಸ್ವೀಕೃತಿ ಪಡೆಯಿರಿ. ಬೈಗುಳ ಲೈಂಗಿಕ ಸ್ವರೂಪದ್ದಾಗಿದ್ದರೆ ದಾರಿಯೇ ಬೇರೆ: ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು, ಕಡಿಮೆಯಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು, ದೂರನ್ನು ಸಾಮಾನ್ಯವಾಗಿ 3 ತಿಂಗಳೊಳಗೆ ಲಿಖಿತವಾಗಿ ಕೊಡಬೇಕು.

ಪ್ರಶ್ನೆ ಕೇಳಿದವರು

ಅಂಥ ಮಾತು ಅವರು ಆಡಿಲ್ಲ, ಜಗಳವೆಲ್ಲ ಕಡತದ್ದೇ. ಇಂದಿನಿಂದಲೇ ವಹಿಯಲ್ಲಿ ಸಹಿ ಪಡೆಯುತ್ತೇನೆ. ಚಹಾಕ್ಕೆ ಕರೆದರೆ ಏನು ಮಾಡಲಿ?

ನಿವೃತ್ತ ಅಧೀಕ್ಷಕರು

ಹೋಗಿ, ಹೋಗದಿದ್ದರೆ ಅದೂ ಒಂದು ಜಗಳವಾಗುತ್ತದೆ. ಅಲ್ಲಿ ಮಳೆ ಬೆಳೆಯ ವಿಚಾರ ಮಾತನಾಡಿ, ಬೇರೆ ಸಿಬ್ಬಂದಿಯ ಹೆಸರೆತ್ತಬೇಡಿ; ಮುಂದಿನ ಮೂಗರ್ಜಿಗೆ ಸರಕು ಸಿಗುವುದು ಆ ಚಹಾದಂಗಡಿಯಲ್ಲೇ.